ಬಟನ್ ಕೊಡುವ ಮೊದಲು ಕಾಗದ ಕೊಡಿ

ಅಡಿಕೆ ಸುಲಿಯುವ ಹೆಂಗಸರ ಹೆಬ್ಬೆಟ್ಟು ಮೆಷಿನ್‌ಗೆ ಸುಲಭಕ್ಕೆ ಹತ್ತುವುದಿಲ್ಲ. ಸುಗ್ಗಿ ಶುರುವಾಯಿತೆಂದರೆ ಅವರು ಮೆಟ್ಟುಗತ್ತಿಯ ಮುಂದೆ ಕೂತು ಏಳುವುದು ರಾತ್ರಿಗೆ. ಹಸಿ ಅಡಿಕೆಯ ಚೊಗರು ಉಗುರಿನ ಸಂದಿಗೆಲ್ಲ ಇಳಿದು ಬೆರಳು ಕಪ್ಪಾಗಿರುತ್ತದೆ. ವರ್ಷಗಟ್ಟಲೆ ಸುಲಿದವರ ಬೆರಳಿನ ಗೆರೆಯೇ ಸವೆದು ನುಣ್ಣಗಾಗಿರುತ್ತದೆ. ನಾನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ, ಒಂಚೂರು ವ್ಯಾಸಲಿನ್ ಹಚ್ಚುತ್ತೇನೆ, ಇನ್ನೊಂದು ಬೆರಳು ಇಡಿಸುತ್ತೇನೆ. ಐದಾರು ಸಲಕ್ಕೆ ಹಸಿರು ಟಿಕ್ ಬಂದರೆ ಇಬ್ಬರಿಗೂ ಉಸಿರು ಬಂದ ಹಾಗೆ. ಬರದಿದ್ದರೆ "ನಾಳೆ ಬಾ ಅಕ್ಕ" ಅನ್ನಬೇಕು. ನಾಳೆ ಬಂದರೆ ಅವಳ ಒಂದು ದಿನದ ಕೂಲಿ ಹೋಯಿತು.

ಸಾಗರ ತಾಲ್ಲೂಕಿನ ಒಂದು ಊರಿನಲ್ಲಿ, ಬಸ್ ನಿಲ್ಲುವ ಜಾಗದ ಎದುರಿಗೆ ನನ್ನದೊಂದು ಆನ್‌ಲೈನ್ ಕೇಂದ್ರ ಇದೆ. ಶುರು ಮಾಡಿ ಒಂಬತ್ತು ವರ್ಷ ಆಯಿತು. ಪಹಣಿ, ಜಾತಿ ಆದಾಯ ಸರ್ಟಿಫಿಕೇಟ್, ಪಿಂಚಣಿ, ಬೆಳೆ ವಿಮೆ, ಇ-ಕೆವೈಸಿ, ಎಲ್ಲ ಇಲ್ಲೇ. ಸರ್ಕಾರ ಮತ್ತು ನಮ್ಮೂರಿನ ನಡುವೆ ನೆಟ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ನಾನು ದಿನಾ ಬೆಳಿಗ್ಗೆ ಒಂಬತ್ತೂವರೆಯಿಂದ ನೋಡುತ್ತಿದ್ದೇನೆ. ಹಾಗಾಗಿ ಸರ್ಕಾರದ ನಿರ್ಧಾರಗಳಿಗೆ ಜನ ಫೋನಿನಲ್ಲೇ ಮತ ಹಾಕಲಿ ಅನ್ನುವ ವಿಷಯದಲ್ಲಿ ನನಗೆ ಹೇಳಲಿಕ್ಕಿದೆ.

ಮಾತು ಎತ್ತಿದವನು ನನ್ನ ಅಣ್ಣನ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಭೂಮಿ ಹುಣ್ಣಿಮೆಗೆ ಊರಿಗೆ ಬಂದಿದ್ದ. ಬೆಳಗಿನ ಜಾವ ಚರಗ ಬೀರಿ, ಪೂಜೆ ಮುಗಿಸಿ, ತೋಟದಲ್ಲೇ ಬಾಳೆಲೆ ಹಾಕಿಕೊಂಡು ಊಟಕ್ಕೆ ಕೂತಿದ್ದೆವು. ಅಲ್ಲೇ ಶುರು ಮಾಡಿದ.

"ಅತ್ತೆ, ಐದು ವರ್ಷಕ್ಕೊಂದು ಸಲ ವೋಟ್ ಹಾಕಿ ಸುಮ್ನೆ ಕೂರೋದು ಯಾಕೆ? ಎಲ್ಲರ ಕೈಲೂ ಫೋನ್ ಇದೆ. ಸರ್ಕಾರ ಒಂದು ದೊಡ್ಡ ನಿರ್ಧಾರ ತಗೊಳ್ಳೋ ಮೊದಲು ಜನರನ್ನೇ ಕೇಳ್ಲಿ. ಆ್ಯಪಲ್ಲಿ ಹೌದು ಅಥವಾ ಇಲ್ಲ, ಅಷ್ಟೆ. ಯುಪಿಐ ನಡೀತಿದೆ ಅಂದ್ರೆ ಇದು ಯಾಕೆ ನಡೆಯಲ್ಲ?"

ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಕೇಳದೇ ಮಾಡಿದರೆ ಏನಾಗುತ್ತದೆ ಅಂತ ಶರಾವತಿ ದಂಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಶರಾವತಿಗೆ ಕರೆಂಟ್‌ಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮನೆ, ಗದ್ದೆ, ತೋಟ ಮುಳುಗಿಸಿಕೊಂಡು ಎದ್ದು ಬಂದವರ ಮೊಮ್ಮಕ್ಕಳು ಇವತ್ತಿಗೂ ಜಮೀನಿನ ಹಕ್ಕುಪತ್ರಕ್ಕೆ ಅರ್ಜಿ ಹಿಡಿದು ಬರುತ್ತಾರೆ. ಆ ಅರ್ಜಿಗಳನ್ನು ಟೈಪ್ ಮಾಡುವವಳು ನಾನೇ. ನಾಡಿಗೆಲ್ಲ ಬೆಳಕು ಕೊಟ್ಟ ಜನ ಅಂತ ಭಾಷಣದಲ್ಲಿ ಹೊಗಳುತ್ತಾರೆ. ಮುಳುಗಿಸುವ ಮೊದಲು ಅವರನ್ನು ಯಾರೂ ಕೇಳಿರಲಿಲ್ಲ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಜಿಲ್ಲೆಗೆ ಜಿಲ್ಲೆಯೇ ಬೀದಿಗೆ ಇಳಿಯಿತು. ಈಗ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ, ಅಂದರೆ ಕೆಳಗಿನ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ಮಾಡುವುದು. ಜನರನ್ನು ಕೇಳಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ.

ಆದರೆ ಯಾರನ್ನು ಕೇಳುವುದು? ಶರಾವತಿ ನೀರು ಬೆಂಗಳೂರಿಗೆ ಹೋಗಲಿ ಅಥವಾ ಬೇಡ ಅಂತ ಇಡೀ ರಾಜ್ಯದ ಫೋನಿಗೆ ಒಂದು ಪ್ರಶ್ನೆ ಬಂತು ಅಂದುಕೊಳ್ಳಿ. 2011ರ ಜನಗಣತಿ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ ಜನ. ಇಡೀ ಶಿವಮೊಗ್ಗ ಜಿಲ್ಲೆಯಲ್ಲಿ 17.5 ಲಕ್ಷ. ಆ ಮೇಲೆ ಬೆಂಗಳೂರು ಇನ್ನೂ ಬೆಳೆದಿದೆ. ಅಲ್ಲಿನವರು ಕೆಟ್ಟವರಲ್ಲ. ಅವರಿಗೂ ಬಾಯಾರಿಕೆ ಇದೆ. ಟ್ಯಾಂಕರ್ ನೀರಿಗೆ ದುಡ್ಡು ಕೊಟ್ಟು ಸಾಕಾದವನು ಫೋನಿನಲ್ಲಿ "ಹೌದು" ಒತ್ತುತ್ತಾನೆ, ಒತ್ತಬೇಕಾದದ್ದೇ. ಆದರೆ ಆಗ ನಮ್ಮ ಹೊಳೆಯ ಹಣೆಬರಹವನ್ನು ಹೊಳೆ ನೋಡದವರು ಬರೆದ ಹಾಗಾಗುತ್ತದೆ. 1964ರಲ್ಲಿ "ಸರ್ಕಾರ ಹೀಗೆ ಮಾಡಿತು" ಅಂತ ದೂರಬಹುದಿತ್ತು. ಫೋನಿನಲ್ಲಿ ಮತ ಹಾಕಿಸಿದ ಮೇಲೆ "ಜನರೇ ಹೇಳಿದ್ದಾರಲ್ಲ" ಅಂತ ನಮ್ಮ ಬಾಯಿ ಮುಚ್ಚಿಸುತ್ತಾರೆ. ನನಗೆ ಜಾಸ್ತಿ ಭಯ ಇರುವುದು ಈ ಎರಡನೆಯದರ ಬಗ್ಗೆ.

ಹುಡುಗ ಒಂದು ನಿಮಿಷ ಸುಮ್ಮನಾದ. ಆಮೇಲೆ ಹೇಳಿದ, "ಸರಿ ಅತ್ತೆ, ರಾಜ್ಯದ್ದು ಬಿಡು. ಊರಿನ ವಿಷಯಕ್ಕಾದ್ರೂ ಮಾಡಬಹುದಲ್ಲ?"

ಊರಿನ ವಿಷಯದಲ್ಲಿ ಇದು ಒಂದು ಸಲ ಆಗಿಹೋಗಿದೆ. ಅವನೂ ಅದರಲ್ಲಿ ಇದ್ದ.

ಹೋದ ವರ್ಷ ನಮ್ಮ ಪಂಚಾಯ್ತಿಗೆ ಕಸದ ಘಟಕ ಮಂಜೂರಾಯಿತು. ಊರ ಮೇಲಿನ ಗುಡ್ಡದ ಬದಿ ಸರ್ಕಾರಿ ಜಾಗ ಒಂದಿದೆ, ಅಲ್ಲೇ ಮಾಡುವುದು ಅಂತ ಮಾತಾಗಿತ್ತು. ಉತ್ಸಾಹದ ಯುವಕನೊಬ್ಬ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಪೋಲ್ ಹಾಕಿದ. "ನಮ್ಮ ಊರಿಗೆ ಕಸದ ಘಟಕ ಬೇಕಾ? ಹೌದು, ಇಲ್ಲ." ಎರಡು ದಿನಕ್ಕೆ ಅರವತ್ತಕ್ಕೂ ಜಾಸ್ತಿ ಜನ ಹೌದು ಅಂದರು. ಇಲ್ಲ ಅಂದವರು ಬೆರಳೆಣಿಕೆಯಷ್ಟು. ನಾನೂ ಹೌದು ಒತ್ತಿದೆ. ರಸ್ತೆ ಬದಿಯ ಪ್ಲಾಸ್ಟಿಕ್ ರಾಶಿ, ದನಗಳು ಅದನ್ನು ತಿನ್ನುವುದು ನೋಡಿ ನೋಡಿ ಬೇಜಾರಾಗಿತ್ತು. ನನ್ನ ಅಣ್ಣನ ಮಗನೂ ಬೆಂಗಳೂರಿನಿಂದಲೇ ಹೌದು ಒತ್ತಿದ್ದ. ಅವನ ಹೆಸರು ಇವತ್ತಿಗೂ ಊರಿನ ಮತದಾರರ ಪಟ್ಟಿಯಲ್ಲೇ ಇದೆ.

ಹದಿನೈದು ದಿನದ ನಂತರ ಗ್ರಾಮ ಸಭೆ. ಶಾಲೆಯ ಹಾಲ್. ಮಳೆಗಾಲ ಹಿಡಿದಿತ್ತು, ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಮೈಕ್ ಇಲ್ಲದೆ ಒಂದೂ ಕೇಳುತ್ತಿರಲಿಲ್ಲ. ಬಾಗಿಲ ಹತ್ತಿರ ಒದ್ದೆ ಕೊಡೆಗಳು, ಕಂಬಳಿಕೊಪ್ಪೆಗಳು. ಪಿಡಿಒ ಅವರು ಘಟಕದ ವಿಷಯ ಓದಿದರು. ಗ್ರೂಪಿನಲ್ಲಿ ಎಲ್ಲ ಒಪ್ಪಿದ್ದಾರೆ ಅಂತ ಯಾರೋ ಹೇಳಿದರು. ಇನ್ನೇನು ಬರೆದುಕೊಳ್ಳಬೇಕು, ಹಿಂದಿನ ಬೆಂಚಿನಿಂದ ಒಬ್ಬರು ಅಜ್ಜ ಎದ್ದರು. ಹಿಂದೆ ಪಂಚಾಯ್ತಿಯಲ್ಲಿ ನೀರು ಬಿಡುವ ಕೆಲಸ ಮಾಡಿದವರು. ಅವರ ಹತ್ತಿರ ಇರುವುದು ಬಟನ್ ಫೋನ್. ಗ್ರೂಪಿನಲ್ಲಿ ಅವರಿಲ್ಲ.

"ಆ ಜಾಗ ಬೇಸಿಗೇಲಿ ನೋಡಿದ್ರೆ ನಿಮ್ಗೆ ಎಂತದೂ ತಿಳಿಯೂದಿಲ್ಲ," ಅಂದರು. "ಆಷಾಢದಲ್ಲಿ ಅಲ್ಲಿ ಜಲ ಏಳ್ತದೆ. ಕಾಲಿಟ್ರೆ ಮೊಣಕಾಲಿನವರೆಗೆ ಹೂತು ಹೋಗ್ತದೆ. ಆ ನೀರು ಹಳ್ಳಕ್ಕೆ ಹೋಗೂದಿಲ್ಲ. ಮಣ್ಣೊಳಗೇ ಇಳಿದು ಕೆಳಗಿನ ಕೇರಿ ಬಾವಿಗೆ ಬರ್ತದೆ. ಬೇಕಾದ್ರೆ ಈಗಲೇ ಬನ್ನಿ, ತೋರಿಸ್ತೆ."

ಏಳೆಂಟು ಜನ ಕೊಡೆ ಹಿಡಿದು ಅವರ ಹಿಂದೆ ಹೋದೆವು. ಉಂಬಳ ಕಾಲಿಗೆ ಹತ್ತಿದ್ದು ಲೆಕ್ಕವೇ ಇಲ್ಲ. ಗುಡ್ಡದ ಬದಿಯಲ್ಲಿ ಹುಲ್ಲಿನ ಅಡಿಯಿಂದ ನೀರು ಒಸರುತ್ತಿತ್ತು, ಒಂದೆರಡು ಕಡೆ ಗುಳುಗುಳು ಗುಳ್ಳೆ ಏಳುತ್ತಿತ್ತು. ಅಜ್ಜ ಕೋಲು ಚುಚ್ಚಿದರು. ಅರ್ಧ ಕೋಲು ಒಳಗೆ ಹೋಯಿತು. ಕೆಳಗಿನ ಕೇರಿಯ ಇಪ್ಪತ್ತೊಂದು ಮನೆಗೆ ಕುಡಿಯುವ ನೀರು ಆ ಬಾವಿಯದ್ದೇ. ವಾಪಸ್ ಬಂದು ಕೂತ ಮೇಲೆ ಯಾರೂ ಹೆಚ್ಚು ಮಾತಾಡಲಿಲ್ಲ. ಬೇರೆ ಜಾಗ ನೋಡುವುದು ಅಂತ ನಡಾವಳಿಯಲ್ಲಿ ಬರೆದರು. ನಾಲ್ಕು ತಿಂಗಳ ಮೇಲೆ ರಸ್ತೆಯ ಆಚೆ ಗಟ್ಟಿ ನೆಲದಲ್ಲಿ ಜಾಗ ಸಿಕ್ಕಿತು. ಘಟಕ ಈಗ ನಡೆಯುತ್ತಿದೆ.

ಆ ಪೋಲ್ ಹಾಕಿದ ಹುಡುಗನ ಮನಸ್ಸಿನಲ್ಲಿ ಮೋಸ ಇರಲಿಲ್ಲ. ಆದರೆ ಅವನು ಕೇಳಿದ್ದು ಬೇಕಾ ಬೇಡವಾ ಅಂತ. ಕೇಳಬೇಕಾಗಿದ್ದದ್ದು ಎಲ್ಲಿ ಅಂತ. ಬಾವಿ ನೀರು ಕುಡಿಯುವವರಲ್ಲಿ ಗ್ರೂಪಿನಲ್ಲಿದ್ದವನು ಒಬ್ಬನೇ. ಅವನೂ ಹೌದು ಒತ್ತಿದ್ದ! ಯಾಕೆ ಮಾರಾಯ ಅಂತ ಆಮೇಲೆ ಕೇಳಿದೆ. "ಒತ್ತಿದ್ದು ಯಾರು, ಬಿಟ್ಟದ್ದು ಯಾರು, ಎಲ್ಲ ಹೆಸರು ಸಮೇತ ಕಾಣ್ತದಲ್ಲಕ್ಕ. ನಾಳೆ ಬೆಳಿಗ್ಗೆ ಅವ್ರ ತೋಟಕ್ಕೇ ಕೆಲಸಕ್ಕೆ ಹೋಗ್ಬೇಕು ನಾನು," ಅಂದ.

ಈ ಮಾತು ನನ್ನನ್ನು ಬಿಟ್ಟಿಲ್ಲ. ನನ್ನ ಅಜ್ಜ ಗೇಣಿ ಮಾಡುತ್ತಿದ್ದವರು. ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ, ನಮ್ಮ ತಾಲ್ಲೂಕಿನಲ್ಲೇ. ಗೇಣಿ ಅಳೆಯುವ ಕೊಳಗದ ವಿಷಯಕ್ಕೆ ಶುರುವಾದದ್ದು ಎಲ್ಲಿಗೆ ಹೋಯಿತು ಅಂತ ಇಲ್ಲಿಯ ಮಕ್ಕಳಿಗೂ ಗೊತ್ತು. ಮರುವರ್ಷವೇ ಮೊದಲ ಚುನಾವಣೆ. ಸಾಗರ ಹೊಸನಗರ ಕಡೆಯಿಂದ ಗೆದ್ದವರು ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಮೇಲೆ ಗುರುತು. ಓದಲು ಬಾರದಿದ್ದರೂ ಚೀಟಿ ಹಾಕಬಹುದಿತ್ತು. ಅಜ್ಜ ಅದನ್ನು ಸಾಯುವವರೆಗೂ ಹೇಳುತ್ತಿದ್ದರು. "ಒಳಗೆ ಹೋದ್ರೆ ನಾನು, ಪೆಟ್ಟಿಗೆ, ಅಷ್ಟೇ. ಒಡೇರು ಇಲ್ಲ, ಅವ್ರ ಶಾನುಭೋಗ ಇಲ್ಲ." ಆ ಮತವನ್ನು ಎಲ್ಲರೆದುರು ಕೈ ಎತ್ತಿ ಹಾಕಬೇಕಾಗಿದ್ದರೆ ಎಷ್ಟು ಗೇಣಿದಾರರ ಕೈ ಮೇಲೆ ಹೋಗುತ್ತಿತ್ತು? ಮನೆಯ ಜಗಲಿಯಲ್ಲಿ ಕೂತು, ಒಡೆಯರ ಆಳು ಪಕ್ಕದಲ್ಲಿ ನಿಂತಿರುವಾಗ ಹಾಕಬೇಕಾಗಿದ್ದರೆ?

ಮೊಬೈಲಿನಲ್ಲಿ ಮತ ಅಂದರೆ ಅದೇ. ಬೂತಿನ ಆ ರಟ್ಟಿನ ಮರೆ ಇರುವುದಿಲ್ಲ. ಪಕ್ಕದಲ್ಲಿ ಯಾರು ನಿಂತಿದ್ದಾರೆ ಅಂತ ಯಾವ ಆ್ಯಪಿಗೂ ಕಾಣುವುದಿಲ್ಲ.

2024ರ ಲೋಕಸಭಾ ಚುನಾವಣೆಯಲ್ಲಿ 85 ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ಇತ್ತಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿಗೆ ಆಗ 88. ಜೀಪಿನಲ್ಲಿ ನಾಲ್ಕೈದು ಜನ ಬಂದರು. ಜಗಲಿಯ ಮೂಲೆಯಲ್ಲಿ ಸಣ್ಣ ಮೇಜು ಇಟ್ಟು, ಅದರ ಮೇಲೆ ರಟ್ಟಿನ ಮರೆ ನಿಲ್ಲಿಸಿದರು. ಆಮೇಲೆ ಅಜ್ಜಿಯ ಮಗನಿಗೆ, ಸೊಸೆಗೆ, ನನಗೆ, "ನೀವೆಲ್ಲ ಅಂಗಳಕ್ಕೆ ಹೋಗಿ" ಅಂದರು. ಮಗನಿಗೆ ಅರವತ್ತು ದಾಟಿದೆ. ಆ ಮನೆಯಲ್ಲಿ ಅವನನ್ನು ಹೊರಗೆ ನಿಲ್ಲು ಅಂದವರನ್ನು ನಾನು ಅದೇ ಮೊದಲು ನೋಡಿದ್ದು. ಅಡಿಕೆ ಚಪ್ಪರದ ಕೆಳಗೆ ಎಲ್ಲರೂ ನಿಂತೆವು. ಅಜ್ಜಿ ನಿಧಾನಕ್ಕೆ ಗುರುತು ಮಾಡಿ, ಕವರಿಗೆ ಹಾಕಿ ಕೊಟ್ಟರು. ಜೀಪು ಹೋದ ಮೇಲೆ ಮಗ ಕೇಳಿದ, "ಎಂತಕ್ಕೆ ಹಾಕ್ದೆ ಅಮ್ಮ?" ಅಜ್ಜಿ ಕವಳ ಮಡಿಸುತ್ತಾ, "ಹಾಕ್ದೆ" ಅಂದರು, ಅಷ್ಟೇ.

ಅದೇ ಅಜ್ಜಿಯ ಆಧಾರ್‌ಗೆ ಜೋಡಿಸಿರುವುದು ಮಗನ ಮೊಬೈಲ್ ನಂಬರ್. ಒಟಿಪಿ ಬರುವುದು ಅವನಿಗೆ. ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಒಂದು ನಂಬರಿಗೆ ಮೂರು ನಾಲ್ಕು ಜನ ಜೋಡಿಸಿಕೊಂಡಿದ್ದಾರೆ. ನನ್ನ ಕೇಂದ್ರಕ್ಕೆ ಬಂದವರು ಫೋನನ್ನೇ ನನ್ನ ಕೈಗೆ ಕೊಡುತ್ತಾರೆ. "ಎಂತ ಬಂತು ನೋಡು, ನೀನೇ ಒತ್ತು." ಪಾಸ್‌ವರ್ಡ್ ಬರೆದುಕೊಟ್ಟರೆ, "ನೀನೇ ಇಟ್ಕೊ ಮಾರಾಯ್ತಿ, ನಂಗೆ ಎಲ್ಲಿ ನೆನಪಿರ್ತದೆ" ಅನ್ನುತ್ತಾರೆ. ನಾನು ಇಟ್ಟುಕೊಳ್ಳುವುದಿಲ್ಲ. ಅವರದ್ದೇ ಪಾಸ್‌ಪುಸ್ತಕದ ಕವರಿನೊಳಗೆ ಚೀಟಿ ಇಟ್ಟು ಕಳಿಸುತ್ತೇನೆ. ಆದರೆ ನಾಳೆ ನೆಟ್ ಮತದಾನ ಬಂದರೆ ನಮ್ಮೂರ ಬೂತ್ ಯಾವುದು? ನನ್ನ ಟೇಬಲ್. ಕಣ್ಣು ಮಂಜಾದವರು, ಓದು ಬಾರದವರು, ಬೆರಳು ಸವೆದವರು, ಎಲ್ಲರೂ ನನ್ನ ಹತ್ತಿರವೇ ಬರುತ್ತಾರೆ, "ಹೌದೋ ಇಲ್ಲವೋ ನೀನೇ ನೋಡಿ ಒತ್ತು" ಅನ್ನುತ್ತಾರೆ. ನಾನು ಮನಸ್ಸು ಮಾಡಿದರೆ ಅರ್ಧ ಊರಿನ ಮತ ಒಬ್ಬಳೇ ಹಾಕಬಹುದು. ಯಾರಿಗೂ ತಿಳಿಯುವುದಿಲ್ಲ. ಇಂಥ ಅಧಿಕಾರ ನನಗೆ ಬೇಡ. ಯಾರ ಟೇಬಲ್ ಮೇಲೂ ಬರಬಾರದು.

ಇನ್ನು ಯುಪಿಐ ಪ್ರಶ್ನೆ. ಬಹಳ ಜನ ಇದನ್ನು ಕೇಳುತ್ತಾರೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಒಬ್ಬಾಕೆಯ ಪಿಂಚಣಿ ಎರಡು ತಿಂಗಳು ಬೇರೆ ಖಾತೆಗೆ ಹೋಗಿತ್ತು. ಪಾಸ್‌ಪುಸ್ತಕ ಎಂಟ್ರಿ ಮಾಡಿಸಿದಾಗ ಗೊತ್ತಾಯಿತು. ಅರ್ಜಿ ಕೊಟ್ಟೆವು, ಓಡಾಡಿದೆವು, ದುಡ್ಡು ವಾಪಸ್ ಬಂತು. ಸರಿಯಾಗಲು ಕಾರಣ ಏನು? ಯಾರು ಯಾರಿಗೆ ಎಷ್ಟು ಕೊಟ್ಟರು ಅಂತ ಬ್ಯಾಂಕಿಗೆ ಗೊತ್ತಿರುತ್ತದೆ. ದುಡ್ಡಿನ ಲೆಕ್ಕಕ್ಕೆ ಹೆಸರು ಬೇಕೇ ಬೇಕು. ಮತದ ಲೆಕ್ಕದಲ್ಲಿ ಹೆಸರು ಇರಲೇಬಾರದು. ನೀವು ಹಾಕಿದ್ದೀರಿ ಅಂತ ಗೊತ್ತಾಗಬೇಕು, ಏನು ಹಾಕಿದ್ದೀರಿ ಅಂತ ಗೊತ್ತಾಗಬಾರದು. ಹೀಗಿರುವಾಗ ನಿಮ್ಮ "ಇಲ್ಲ" ಅನ್ನುವುದು ಎಲ್ಲೋ ಒಂದು ಸರ್ವರಿನಲ್ಲಿ "ಹೌದು" ಆದರೆ ಯಾವ ಪಾಸ್‌ಪುಸ್ತಕ ತೋರಿಸಿ ಕೇಳುತ್ತೀರಿ?

ಇದನ್ನು ಬಗೆಹರಿಸಲು ನಮಗಿಂತ ಅನುಕೂಲ ಇರುವವರು ಒದ್ದಾಡಿದ್ದಾರೆ. ಎಸ್ಟೋನಿಯಾ ಅಂತ ಯುರೋಪಿನ ಸಣ್ಣ ದೇಶ. ಜನಸಂಖ್ಯೆ ನಮ್ಮ ಜಿಲ್ಲೆಗಿಂತ ಕಡಿಮೆ. ಅಲ್ಲಿ 2005ರಿಂದ ಚುನಾವಣೆಗೆ ನೆಟ್‌ನಲ್ಲಿ ಮತ ಹಾಕಬಹುದು. 2023ರಲ್ಲಿ ಅರ್ಧಕ್ಕಿಂತ ಜಾಸ್ತಿ ಮತ ನೆಟ್‌ನಲ್ಲೇ ಬಿತ್ತು. ಪ್ರತಿಯೊಬ್ಬರಿಗೂ ಚಿಪ್ ಇರುವ ಗುರುತಿನ ಚೀಟಿ, ಅದಕ್ಕೆ ಅವರವರದೇ ಪಿನ್. ಯಾರಾದರೂ ಹೆದರಿಸಿ ಹಾಕಿಸಿದರೆ ಆಮೇಲೆ ಮತ್ತೆ ಹಾಕಬಹುದು, ಕೊನೆಯದ್ದೇ ಲೆಕ್ಕ. ಬೂತಿಗೆ ಹೋಗಿ ಕಾಗದದಲ್ಲಿ ಹಾಕಿದರೆ ನೆಟ್‌ನಲ್ಲಿ ಹಾಕಿದ್ದು ರದ್ದು. ಅಂದರೆ ಅವರೂ ಬೂತನ್ನು ಬಿಟ್ಟಿಲ್ಲ. ಮತ್ತೆ ಅದು ಪ್ರತಿನಿಧಿಗಳನ್ನು ಆರಿಸಲಿಕ್ಕೆ. ಸರ್ಕಾರದ ಒಂದೊಂದು ನಿರ್ಧಾರಕ್ಕೂ ಅಲ್ಲ.

ನಿರ್ಧಾರಗಳ ಮೇಲೇ ಜನ ಮತ ಹಾಕುವ ದೇಶ ಸ್ವಿಟ್ಜರ್ಲೆಂಡ್. ವರ್ಷಕ್ಕೆ ಸಾಮಾನ್ಯವಾಗಿ ನಾಲ್ಕು ಸಲ. ಅಲ್ಲಿ ಬಹುಪಾಲು ಜನ ಹಾಕುವುದು ಅಂಚೆಯಲ್ಲಿ. ನೆಟ್ ಮತದಾನದ ವ್ಯವಸ್ಥೆಯ ಕೋಡನ್ನು 2019ರಲ್ಲಿ ಪರೀಕ್ಷೆಗೆ ಬಿಟ್ಟಾಗ, ಮತ ತಿದ್ದಿದರೂ ತಿಳಿಯದ ಹಾಗಿರುವ ದೋಷ ಸಂಶೋಧಕರಿಗೆ ಸಿಕ್ಕಿತು. ನಿಲ್ಲಿಸಿಬಿಟ್ಟರು. ಸರಿ ಮಾಡಿ 2023ರಲ್ಲಿ ಕೆಲವೇ ಪ್ರಾಂತ್ಯಗಳಲ್ಲಿ, ಅದೂ ಮಿತಿ ಹಾಕಿಕೊಂಡು ಮತ್ತೆ ಶುರು ಮಾಡಿದರು. ಅಣ್ಣನ ಮಗನ ಮನಸ್ಸಿನಲ್ಲಿ ಇದ್ದದ್ದೂ ಸ್ವಿಟ್ಜರ್ಲೆಂಡೇ. ಆದರೆ ಅಲ್ಲಿಯ ಇನ್ನೊಂದು ಸಂಗತಿ ಅವನಿಗೆ ಗೊತ್ತಿರಲಿಲ್ಲ. ಹೆಂಗಸರಿಗೆ ಮತದಾನದ ಹಕ್ಕು ಕೊಡಬೇಕಾ ಅಂತ 1959ರಲ್ಲಿ ಗಂಡಸರನ್ನು ಕೇಳಿದರು. ಮೂರರಲ್ಲಿ ಎರಡು ಪಾಲು ಗಂಡಸರು ಬೇಡ ಅಂದರು. ಹಕ್ಕು ಸಿಕ್ಕಿದ್ದು 1971ರಲ್ಲಿ. ನಮ್ಮ ಅಜ್ಜಿ ಆಗಲೇ ಸುಮಾರು ಇಪ್ಪತ್ತು ವರ್ಷದಿಂದ ಮತ ಹಾಕುತ್ತಿದ್ದರು. ಇಲ್ಲಿ ಆ ಪ್ರಶ್ನೆಯನ್ನು ಯಾರ ಮತಕ್ಕೂ ಹಾಕಲಿಲ್ಲ, ಸಂವಿಧಾನ ನೇರವಾಗಿ ಕೊಟ್ಟಿತು. ಅಸ್ಪೃಶ್ಯತೆಯನ್ನು ತೆಗೆದು ಹಾಕಿದ್ದೂ ಹಾಗೇ. 1950ರಲ್ಲಿ ಒಂದೊಂದು ಊರಿನಲ್ಲಿ ಕೈ ಎತ್ತಿಸಿ ಕೇಳಿದ್ದರೆ? ಕೆಲವು ವಿಷಯಗಳನ್ನು ತಲೆ ಎಣಿಸಿ ತೀರ್ಮಾನ ಮಾಡಲೇಬಾರದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಆದರೂ ಸ್ವಿಸ್ ಜನರ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಮತದಾನಕ್ಕೆ ಮೂರು ನಾಲ್ಕು ವಾರ ಮೊದಲೇ ಪ್ರತಿ ಮತದಾರರಿಗೂ ಒಂದು ಸಣ್ಣ ಪುಸ್ತಕ ಬರುತ್ತದೆ. ವಿಷಯ ಏನು, ಸರ್ಕಾರ ಏನು ಹೇಳುತ್ತದೆ, ವಿರೋಧ ಮಾಡುವವರು ಏನು ಹೇಳುತ್ತಾರೆ, ಎಲ್ಲ ಅವರವರ ಭಾಷೆಯಲ್ಲಿ.

ನಮ್ಮಲ್ಲಿ? ಪಂಪ್ಡ್ ಸ್ಟೋರೇಜ್‌ನಂಥ ಯೋಜನೆಗೆ ಪರಿಸರದ ಮೇಲಿನ ಪರಿಣಾಮದ ವರದಿ ಮಾಡಬೇಕು, ಸ್ಥಳೀಯರ ಅಹವಾಲು ಕೇಳಬೇಕು ಅಂತ 2006ರ ಅಧಿಸೂಚನೆ ಹೇಳುತ್ತದೆ. ಆ ನಿಯಮದಲ್ಲಿ ಸ್ಥಳೀಯ ಭಾಷೆಯಲ್ಲಿ ಕಡ್ಡಾಯ ಇರುವುದು ಸಾರಾಂಶ ಮಾತ್ರ. ಪೂರ್ತಿ ವರದಿ ನೂರಾರು ಪುಟ, ಇಂಗ್ಲಿಷಿನಲ್ಲಿ. ಹೋದ ಮಳೆಗಾಲದಲ್ಲಿ ಒಬ್ಬರು ಗೌಡರು ಇಂಥ ಒಂದು ಪಿಡಿಎಫ್ ಪ್ರಿಂಟ್ ಮಾಡಿಸಲು ಬಂದಿದ್ದರು. ಪುಟಕ್ಕೆ ಎರಡು ರೂಪಾಯಿ ಲೆಕ್ಕ ಹಾಕಿ ಹೇಳಿದೆ, ಬೇಡ ಅಂದರು. ಆಮೇಲೆ ನಾವಿಬ್ಬರೂ ಸ್ಕ್ರೀನಿನಲ್ಲೇ ನಕ್ಷೆ ಹುಡುಕಿದೆವು. ಅವರಿಗೆ ಬೇಕಾಗಿದ್ದದ್ದು ಒಂದೇ, ಅವರ ತೋಟದ ಸರ್ವೆ ನಂಬರ್ ಅದರಲ್ಲಿ ಇದೆಯಾ ಇಲ್ಲವಾ ಅಂತ. ಮುಕ್ಕಾಲು ಗಂಟೆ ಹುಡುಕಿದೆವು. ಹೊರಗೆ ಜನ ಕಾಯುತ್ತಿದ್ದರು. ಕೊನೆಗೂ ಆ ನಕ್ಷೆಯಿಂದ ನಮಗೆ ಏನೂ ತಿಳಿಯಲಿಲ್ಲ. ಅವರು ಟೋಪಿ ತೆಗೆದು ತಲೆ ಒರೆಸಿಕೊಂಡು, "ಇರ್ಲಿ ಬಿಡು ತಂಗಿ" ಅಂತ ಎದ್ದು ಹೋದರು. ಅವರ ಫೋನಿಗೆ ಮರುದಿನ ಹೌದು ಇಲ್ಲ ಅಂತ ಎರಡು ಬಟನ್ ಬಂದಿದ್ದರೆ ಅವರಿಗೆ ಅದರಿಂದ ಏನು ಸಿಗುತ್ತಿತ್ತು?

ಪಶ್ಚಿಮ ಘಟ್ಟದ ವಿಷಯದಲ್ಲೂ ಇದೇ ಕತೆ. ಘಟ್ಟವನ್ನು ಹೇಗೆ ಉಳಿಸಬೇಕು ಅಂತ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಊರಿನವರ ಜೊತೆ, ಗ್ರಾಮ ಸಭೆಗಳ ಜೊತೆ ಮಾತಾಡಿ ತೀರ್ಮಾನ ಮಾಡಿ ಅನ್ನುವುದೇ ಅದರ ಮುಖ್ಯ ಮಾತು. ಅದು ಜನರ ಕಣ್ಣಿಗೆ ಬಿದ್ದದ್ದು 2012ರಲ್ಲಿ, ಮಾಹಿತಿ ಹಕ್ಕಿನ ಹೋರಾಟದ ನಂತರ. ಆಮೇಲೆ 2013ರಲ್ಲಿ ಅದೇ ವಿಷಯಕ್ಕೆ ಕಸ್ತೂರಿರಂಗನ್ ವರದಿ. ನಮ್ಮ ಊರಿಗೆ ಬಂದದ್ದು ಎರಡೂ ಅಲ್ಲ, ಸುದ್ದಿ ಮಾತ್ರ. ದನ ಸಾಕುವಂತಿಲ್ಲವಂತೆ, ಹಂಚು ಬದಲಿಸುವಂತಿಲ್ಲವಂತೆ, ಎಲ್ಲರನ್ನೂ ಎಬ್ಬಿಸುತ್ತಾರಂತೆ. ಆ ವಾರ ಮತ ಹಾಕಿಸಿದ್ದರೆ ನೂರಕ್ಕೆ ನೂರು ಬೇಡ ಅಂತಲೇ ಬರುತ್ತಿತ್ತು. ಬೇಡ ಅನ್ನುವುದೇ ಸರಿ ಇರಬಹುದು. ಆದರೆ ಓದಿ ಬೇಡ ಅನ್ನುವುದು ಬೇರೆ, ಕೇಳಿದ್ದಕ್ಕೆ ಹೆದರಿ ಬೇಡ ಅನ್ನುವುದು ಬೇರೆ ಅಲ್ವಾ.

ಹೇಗೆ ಕೇಳಬೇಕು ಅನ್ನುವುದಕ್ಕೆ ನಮ್ಮ ದೇಶದಲ್ಲೇ ಒಂದು ದಾರಿ ಇದೆ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕಾ ಅನ್ನುವುದನ್ನು ಅಲ್ಲಿಯ ಗ್ರಾಮ ಸಭೆಗಳೇ ನೋಡಲಿ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಹನ್ನೆರಡು ಹಳ್ಳಿಗಳ ಸಭೆ ನಡೆಯಿತು, ನ್ಯಾಯಾಧೀಶರೊಬ್ಬರ ಎದುರಿಗೆ. ಅಲ್ಲಿಯ ಆದಿವಾಸಿಗಳಾದ ಡೋಂಗ್ರಿಯಾ ಕೋಂಧ ಜನ ಎದ್ದು ನಿಂತು, ಅವರ ಭಾಷೆಯಲ್ಲಿ, ಆ ಬೆಟ್ಟ ನಮಗೆ ಏನು ಅಂತ ಹೇಳಿದರು. ಹನ್ನೆರಡಕ್ಕೆ ಹನ್ನೆರಡೂ ಬೇಡ ಅಂದವು. ಗಣಿ ಬರಲಿಲ್ಲ. ಅಲ್ಲಿ ಕೇಳಿದ್ದು ಬೆಟ್ಟದಲ್ಲಿ ಇರುವವರನ್ನು. ಅವರ ಉತ್ತರಕ್ಕೆ ಬೆಲೆಯೂ ಇತ್ತು. ನಮ್ಮ ಅಹವಾಲು ಸಭೆಗಳಲ್ಲಿ ಹೇಳಿದ್ದನ್ನು ಬರೆದುಕೊಳ್ಳುತ್ತಾರೆ, ಮೇಲೆ ಕಳಿಸುತ್ತಾರೆ, ಅಷ್ಟೇ.

ಗ್ರಾಮ ಸಭೆ ಅಂದ ಕೂಡಲೇ ನಗುವವರಿದ್ದಾರೆ. ಅವರು ನಗುವುದಕ್ಕೆ ಕಾರಣವೂ ಇದೆ. ವಾರದ ನಡುವೆ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಬೇಕಾದಷ್ಟು ಜನ ಸೇರಿ ಕೋರಂ ಆಗದಿದ್ದರೆ ಸಭೆಯ ಪುಸ್ತಕ ಮನೆ ಮನೆಗೆ ಹೋಗಿ ಸಹಿ ಆಗಿ ಬಂದದ್ದನ್ನೂ ನಾನು ನೋಡಿದ್ದೇನೆ. ಮಾತಾಡುವವರು ಅದೇ ಎಂಟು ಹತ್ತು ಗಂಡಸರು. ಹೆಂಗಸರು ಹಿಂದೆ ಕೂತು, ಬೇಕಾದ್ದನ್ನು ಹೊರಗೆ ಬಂದ ಮೇಲೆ ನನ್ನ ಹತ್ತಿರ ಹೇಳುತ್ತಾರೆ. ನೆಟ್ ಇಲ್ಲಿ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಸಭೆಯ ವಿಷಯಪಟ್ಟಿ, ಎಸ್ಟಿಮೇಟ್, ನಕ್ಷೆ, ಎಲ್ಲ ಹದಿನೈದು ದಿನ ಮೊದಲೇ ಕನ್ನಡದಲ್ಲಿ ಫೋನಿಗೆ ಬರಲಿ. ಓದಲು ಬಾರದವರಿಗೆ ಧ್ವನಿಯಲ್ಲಿ ಬರಲಿ. ಬೆಂಗಳೂರಿನಲ್ಲಿ ಇರುವ ನಮ್ಮ ಹುಡುಗರು ಅಲ್ಲಿಂದಲೇ ಪ್ರಶ್ನೆ ಕಳಿಸಲಿ, ಉತ್ತರವೂ ಎಲ್ಲರಿಗೂ ಕಾಣಲಿ. ಹಿಂದಿನ ಸಭೆಯಲ್ಲಿ ಒಪ್ಪಿದ ಕೆಲಸ ಎಲ್ಲಿಗೆ ಬಂತು ಅನ್ನುವುದೂ ಬರಲಿ. ಜಗಳ ಇರುವ ದೊಡ್ಡ ವಿಷಯವಾದರೆ, ಎಲ್ಲರೆದುರು ಮಾತಾಡಿ ಮುಗಿದ ಮೇಲೆ, ಕೊನೆಯಲ್ಲಿ ಚೀಟಿ ಬರೆದು ಡಬ್ಬಿಗೆ ಹಾಕಲಿ. ಮಾತು ಬಯಲಿನಲ್ಲಿ ಆಗಲಿ, ಮತ ಮರೆಯಲ್ಲಿ ಬೀಳಲಿ.

ಟವರ್ ಬಗ್ಗೆ ಹೇಳುವುದೇ ಬೇಡ ಅಂದುಕೊಂಡಿದ್ದೆ. ಆದರೂ ಒಂದು ಮಾತು. ಕೊರೊನಾ ಕಾಲದಲ್ಲಿ ನಮ್ಮ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿ ಕ್ಲಾಸ್ ಕೇಳಿದ್ದಾರೆ. ಇವತ್ತಿಗೂ ಕರೆಂಟ್ ಹೋಗಿ ಎರಡು ತಾಸಾದರೆ ನಮ್ಮ ಕಡೆ ಸಿಗ್ನಲ್ ಇಲ್ಲ. ಮಳೆಗಾಲದಲ್ಲಿ ಮರ ಬಿದ್ದರೆ ಮೂರು ದಿನ ಇಲ್ಲ.

ಹಬ್ಬ ಮುಗಿಸಿ ಹೊರಡುವ ದಿನ ಅಣ್ಣನ ಮಗ ಗುಡ್ಡದ ಆ ಜಾಗಕ್ಕೆ ಹೋಗಿ ಬಂದ. ಮಳೆ ನಿಂತಿದ್ದರೂ ನೆಲ ಇನ್ನೂ ಒದ್ದೆ ಇತ್ತಂತೆ, ಪ್ಯಾಂಟಿನ ತುದಿಗೆಲ್ಲ ಕೆಸರು. "ಅತ್ತೆ, ನಾನು ಚಿಕ್ಕವನಿದ್ದಾಗ ಇಲ್ಲೇ ಆಡಿದ್ದೆ. ಇದು ನಂಗೇ ಗೊತ್ತಿರ್ಲಿಲ್ಲ," ಅಂದ. ರಾತ್ರಿ ಬಸ್ಸಿಗೆ ಕೂತ ಮೇಲೆ ಮೆಸೇಜ್ ಹಾಕಿದ್ದ. ಪಂಚಾಯ್ತಿ ಕಾಗದಗಳನ್ನು ಮೊದಲೇ ಹಾಕಲು ಒಂದು ಸರಳ ಪೇಜ್ ಮಾಡಿಕೊಡುತ್ತಾನಂತೆ, ಸಿಗ್ನಲ್ ಕಮ್ಮಿ ಇದ್ದರೂ ತೆರೆದುಕೊಳ್ಳುವ ಹಾಗೆ. ಮಾಡು ಅಂದೆ.

ಮುಂದಿನ ಗ್ರಾಮ ಸಭೆಯ ಕಾಗದಗಳನ್ನು ಹದಿನೈದು ದಿನ ಮೊದಲು ಕೊಡಿ, ಸಭೆಯನ್ನು ಭಾನುವಾರ ಮಧ್ಯಾಹ್ನ ಇಡಿ ಅಂತ ಅರ್ಜಿ ಬರೆದು, ನಲವತ್ತಮೂರು ಜನರ ಸಹಿ ಹಾಕಿಸಿ ಪಂಚಾಯ್ತಿಗೆ ಕೊಟ್ಟಿದ್ದೇನೆ. ಅದರಲ್ಲಿ ಹನ್ನೊಂದು ಹೆಬ್ಬೆಟ್ಟು. ಕಾಗದ ಬಂದ ದಿನದಿಂದ ಸಂಜೆ ಐದರ ಮೇಲೆ ಕೇಂದ್ರದಲ್ಲಿ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ. ಬಂದವರಿಗೆಲ್ಲ ಓದಿ ಹೇಳುತ್ತೇನೆ. ಕೆಳಗಿನ ಕೇರಿಗೆ ನಾನೇ ಹೋಗುತ್ತೇನೆ. ಅಲ್ಲಿಯವರು ಸುಲಿತ ಮುಗಿಸಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ.